‘ಹೇಗೆ ಬಂತು?’ ಅಂದರೆ ಏನು ಹೇಳಲಿ

ಜಿಲ್ಲಾ ಆಸ್ಪತ್ರೆಯ ಯಾವುದೋ ಮೂಲೆಯಲ್ಲಿ ಐಸಿಟಿಸಿ ಎಂಬ ಬೋರ್ಡು ಇರುತ್ತದೆ. ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ ಎಂಬುದು ಅದರ ಪೂರ್ತಿ ಹೆಸರು. ತಾಲ್ಲೂಕು ಆಸ್ಪತ್ರೆಗಳಲ್ಲೂ ಎಷ್ಟೋ ಸಮುದಾಯ ಆರೋಗ್ಯ ಕೇಂದ್ರಗಳಲ್ಲೂ ಇದು ಉಂಟು. ಡಾಕ್ಟರ ಚೀಟಿ ಬೇಕಿಲ್ಲ, ದುಡ್ಡು ಕೊಡಬೇಕಿಲ್ಲ, ಸಾಮಾನ್ಯವಾಗಿ ಹೋದ ದಿನವೇ ಫಲಿತಾಂಶ ತಿಳಿಯುತ್ತದೆ. ಎಚ್‌ಐವಿ ಪರೀಕ್ಷೆಗೆ ಇಷ್ಟು ಸಲೀಸಾದ ದಾರಿ ಇದ್ದರೂ ಗೇ ಮತ್ತು ಬೈಸೆಕ್ಷುಯಲ್ ಗಂಡಸರಲ್ಲಿ ಹಲವರು ಆ ಬಾಗಿಲನ್ನು ವರ್ಷಗಟ್ಟಲೆ ದಾಟುವುದೇ ಇಲ್ಲ.

ದಾಟಬೇಕಾದ ಕಾರಣ ಅಂಕಿಯಲ್ಲೇ ಇದೆ. 2017ರ ರಾಷ್ಟ್ರೀಯ ಅಂದಾಜಿನಲ್ಲಿ ದೇಶದ ವಯಸ್ಕರ ಪೈಕಿ ಎಚ್‌ಐವಿ ಇದ್ದವರು ಶೇ 0.22. ಅದೇ ಹೊತ್ತಿನ ಕಣ್ಗಾವಲು ಸಮೀಕ್ಷೆಯಲ್ಲಿ, ಗಂಡಸರೊಡನೆ ಲೈಂಗಿಕ ಸಂಬಂಧ ಇರುವ ಗಂಡಸರಲ್ಲಿ ಅದು ಶೇ 2.69, ಅಂದರೆ ಹತ್ತಿರ ಹತ್ತಿರ ಹನ್ನೆರಡು ಪಟ್ಟು. ಅದಕ್ಕೇ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಎಲ್ಲರೂ ಕರೆಯುವ ನ್ಯಾಕೋ, ಇವರು ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು ಅನ್ನುತ್ತದೆ.

ಹೋಗದವರನ್ನು ಅಸಡ್ಡೆಯವರು ಎಂದು ಬೈಯುವುದು ಸುಲಭ. ಆದರೆ ಅವರಲ್ಲಿ ಎಷ್ಟೋ ಮಂದಿ ಓದಿದವರು, ಕೆಲಸದಲ್ಲಿ ಇರುವವರು, ಸಕ್ಕರೆ ಕಾಯಿಲೆಗೆ ಮೂರು ತಿಂಗಳಿಗೊಮ್ಮೆ ರಕ್ತ ಕೊಡಲು ಹಿಂದೆಮುಂದೆ ನೋಡದವರು. ಅವರನ್ನು ಕಾಡುವುದು ರಕ್ತ ಕೊಟ್ಟ ನಂತರದ ಮಾತು. ಸೋಂಕು ಇದೆ ಅಂತ ಬಂದರೆ ಅಮ್ಮ, ಅಣ್ಣ, ಹೆಂಡತಿ, ಆಫೀಸಿನವರು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಹೇಗೆ ಬಂತು?’ ಟಿಬಿ ಬಂದವನನ್ನು ಯಾರೂ ಹಾಗೆ ಕೇಳುವುದಿಲ್ಲ. ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡ ಬದುಕನ್ನು ಒಂದು ಕಾಗದದ ಚೂರು ಬೀದಿಗೆ ತಂದುಬಿಡುತ್ತದೆ ಅನ್ನುವ ಭಯ ಅದು. ಕಾಯಿಲೆಗೆ ಮದ್ದಿದೆ, ಮರ್ಯಾದೆಗೆ ಎಲ್ಲಿಂದ ತರಲಿ ಎನ್ನುವವರ ಮುಂದೆ ‘ಪರೀಕ್ಷೆ ಮಾಡಿಸಿ, ಆರೋಗ್ಯವಾಗಿರಿ’ ಎಂಬ ಪೋಸ್ಟರು ಅಂಟಿಸಿದರೆ ಏನು ಬಂತು?

ಹಾಗಾಗಿ ಈ ಲೇಖನದಲ್ಲಿ ರಕ್ತಪರೀಕ್ಷೆಯ ಬಗ್ಗೆ ಹೇಳಿದಷ್ಟೇ ಗುಟ್ಟಿನ ಬಗ್ಗೆಯೂ ಹೇಳುವುದಿದೆ. ಯಾರಿಗೆ ಏನು ಗೊತ್ತಾಗುತ್ತದೆ, ಯಾರಿಗೆ ಗೊತ್ತಾಗುವುದಿಲ್ಲ, ನೀವು ಎಷ್ಟು ಹೇಳಬೇಕು, ಎಷ್ಟು ಹೇಳದಿದ್ದರೂ ನಡೆಯುತ್ತದೆ, ಇವೆಲ್ಲ ಮೊದಲೇ ತಿಳಿದಿದ್ದರೆ ಆ ಬಾಗಿಲು ಅಷ್ಟು ಭಾರ ಅನಿಸುವುದಿಲ್ಲ.

‘ನನಗೆ ಬರೋದಿಲ್ಲ’ ಅನ್ನುವ ಲೆಕ್ಕ

ಭಯದಷ್ಟೇ ಗಟ್ಟಿಯಾದ ಇನ್ನೊಂದು ಅಡ್ಡಿ ಈ ಲೆಕ್ಕಾಚಾರ. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ; ಡಾ. ಸುನೀತಿ ಸಾಲೊಮನ್ ಅವರ ತಂಡ ಲೈಂಗಿಕ ಕಾರ್ಯಕರ್ತೆಯರ ರಕ್ತದಲ್ಲಿ ಅದನ್ನು ಗುರುತಿಸಿತು. ಆಮೇಲೆ ಬಂದ ಗೋಡೆಬರಹ, ಬೀದಿನಾಟಕಗಳಲ್ಲಿ ಹೆಚ್ಚಾಗಿ ಕಂಡದ್ದು ಲಾರಿ ಡ್ರೈವರು, ಹೊರಗಿನ ಹೆಂಗಸು, ಮನೆಯಲ್ಲಿ ಕಾಯುವ ಹೆಂಡತಿ. ಅವನ್ನು ನೋಡುತ್ತ ಬೆಳೆದ ಹುಡುಗ ‘ಇದು ಹೆಂಗಸರಿಂದ ಬರುವ ಕಾಯಿಲೆ, ಗಂಡಸರ ಜೊತೆ ಆದರೆ ತೊಂದರೆಯಿಲ್ಲ’ ಎಂದುಕೊಂಡರೆ ಅದು ಅವನ ದಡ್ಡತನವಲ್ಲ.

ನಿಜ ಏನೆಂದರೆ ಗುದದ ಒಳಪೊರೆ ತೀರ ತೆಳು, ಬೇಗ ಗೀರುಬೀಳುತ್ತದೆ. ಸೋಂಕಿರುವ, ಚಿಕಿತ್ಸೆಯಲ್ಲಿಲ್ಲದ ಸಂಗಾತಿಯೊಡನೆ ಕಾಂಡೋಮ್ ಇಲ್ಲದೆ ಗುದಸಂಭೋಗ ನಡೆದಾಗ, ಒಳಗೆ ತೆಗೆದುಕೊಳ್ಳುವವನಿಗೆ ಅಂದಾಜು 10,000 ಸಲಕ್ಕೆ 138 ಸಲ ಸೋಂಕು ತಗಲುವ ಸಾಧ್ಯತೆ. ಮಾಡುವವನಿಗೆ ಅದು 11. ಹೆಣ್ಣಿನೊಡನೆ ಯೋನಿಸಂಭೋಗ ಮಾಡುವ ಗಂಡಸಿಗೆ 4. ಸಮುದಾಯದ ಮಾತಿನಲ್ಲಿ ಮಾಡುವವನು ಪಂಥಿ, ತೆಗೆದುಕೊಳ್ಳುವವನು ಕೋತಿ. ‘ನಾನು ಪಂಥಿ, ನನಗೇನಾಗುತ್ತೆ? ಅದೆಲ್ಲ ಕೋತಿಗಳಿಗೆ’ ಎನ್ನುವವರು ಈ ಕೊನೆಯ ಎರಡು ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು. ಎರಡೂ ಪಾತ್ರದಲ್ಲಿ ಇರುವ ಡಬಲ್ ಡೆಕ್ಕರ್‌ಗಳಿಗಂತೂ ಈ ಸಮಾಧಾನವೂ ಇಲ್ಲ. ಸಿಫಿಲಿಸ್‌ನಂಥ ಹುಣ್ಣು ಇದ್ದರೆ ಅಪಾಯ ಇನ್ನೂ ಏರುತ್ತದೆ. ಗುದದ ಒಳಗಿನ ಹುಣ್ಣು ನೋಯದೆಯೂ ಇರಬಹುದು, ಕಣ್ಣಿಗಂತೂ ಕಾಣುವುದಿಲ್ಲ. ಬಾಯಿಯಿಂದ ಮಾಡುವುದರಲ್ಲಿ ಎಚ್‌ಐವಿ ಅಪಾಯ ಬಹಳ ಕಡಿಮೆ.

‘ಅವನು ನೋಡೋಕೆ ಚೆನ್ನಾಗಿದ್ದಾನೆ, ಇಂಜಿನಿಯರು’ ಎನ್ನುವ ವಾದವೂ ಇದೆ. ಅದಕ್ಕೆ ಉತ್ತರ ಕೊಡುವ ಅಗತ್ಯ ಇದೆ ಅಂತ ನನಗನಿಸುವುದಿಲ್ಲ.

ಮದುವೆಯಾದ ಗಂಡಸರ ಕತೆ ಸ್ವಲ್ಪ ಬೇರೆ. ನಮ್ಮ ಕಡೆ ಇಂಥ ಎಷ್ಟೋ ಮಂದಿ ಮನೆಯವರ ಒತ್ತಾಯಕ್ಕೆ ಮದುವೆಯಾಗಿರುತ್ತಾರೆ. ಇನ್ನು ಕೆಲವರಿಗೆ ಹೆಂಡತಿಯ ಮೇಲೂ ನಿಜವಾದ ಆಸೆ, ಪ್ರೀತಿ ಇರುತ್ತದೆ. ಇವರು ತಮ್ಮನ್ನು ಗೇ ಅಂತಲೋ ಬೈ ಅಂತಲೋ ಕರೆದುಕೊಳ್ಳುವುದಿಲ್ಲ, ಹಾಗಾಗಿ ‘ಸಲಿಂಗಿ ಪುರುಷರೇ, ಬನ್ನಿ’ ಎಂಬ ಕರೆ ತಮಗಲ್ಲ ಅಂದುಕೊಳ್ಳುತ್ತಾರೆ. ಮೊದಲೆಲ್ಲ ಬೆಂಗಳೂರಿನ ಕಬ್ಬನ್ ಪಾರ್ಕಿನಂಥ ಜಾಗಗಳಲ್ಲಿ ಭೇಟಿಯಾಗುತ್ತಿದ್ದ ಇಂಥವರನ್ನು ಸ್ವಯಂಸೇವಾ ಸಂಸ್ಥೆಗಳ ಪೀರ್ ಎಜುಕೇಟರ್‌ಗಳು ಹೋಗಿ ಮಾತಾಡಿಸುತ್ತಿದ್ದರು, ಕಾಂಡೋಮ್ ಕೊಡುತ್ತಿದ್ದರು, ಪರೀಕ್ಷೆಗೆ ಕರೆದೊಯ್ಯುತ್ತಿದ್ದರು. ಈಗ ಭೇಟಿ ಫೋನಿನ ಆ್ಯಪ್‌ನಲ್ಲಿ. ಅಪಾರ್ಟ್‌ಮೆಂಟಿನ ಬಾಗಿಲು ಹಾಕಿಕೊಂಡವನ ಹತ್ತಿರ ಪೀರ್ ಎಜುಕೇಟರ್ ಹೇಗೆ ಹೋದಾರು?

ಪೊಲೀಸರ ನೆರಳು

ಸರಕಾರಿ ರಿಜಿಸ್ಟರಿನಲ್ಲಿ ಹೆಸರು ಬರೆಸಲು ಹೆದರುವುದಕ್ಕೆ ಚರಿತ್ರೆಯೂ ಇದೆ. 2001ರ ಜುಲೈನಲ್ಲಿ ಲಖನೌ ಪೊಲೀಸರು ಇಂಥ ಗಂಡಸರ ನಡುವೆ ಎಚ್‌ಐವಿ ತಡೆ ಕೆಲಸ ಮಾಡುತ್ತಿದ್ದ ಕಾರ್ಯಕರ್ತರನ್ನೇ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮಿನಡಿ ಹಿಡಿದು ವಾರಗಟ್ಟಲೆ ಜೈಲಿನಲ್ಲಿ ಇಟ್ಟರು. ಅದೇ ವರ್ಷ ನಾಝ್ ಫೌಂಡೇಶನ್ ದೆಹಲಿ ಹೈಕೋರ್ಟಿಗೆ ಹೋದಾಗ ಅದರ ಮುಖ್ಯ ವಾದವೇ, ಈ ಕಲಮು ಎಚ್‌ಐವಿ ತಡೆಯುವ ಕೆಲಸಕ್ಕೆ ಅಡ್ಡಗಾಲು ಎಂಬುದು. 2009ರಲ್ಲಿ ಗೆಲುವು, 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋಲು, ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 377 ಇಲ್ಲವೇ ಇಲ್ಲ. ಈಗ ನಲವತ್ತು ದಾಟಿದವರಿಗೆ ಮಾತ್ರ ಆ ಹಳೆಯ ಅಂಜಿಕೆ ಮೈಯಲ್ಲೇ ಉಳಿದಿದೆ. ‘ಹೆಸರು ಬರೆದುಕೊಳ್ತಾರೆ’ ಅಂದರೆ ಅವರ ಕಿವಿಗೆ ಠಾಣೆಯ ಮಾತಿನಂತೆಯೇ ಕೇಳುತ್ತದೆ.

ಕೊಠಡಿಯ ಒಳಗೆ ನಡೆಯುವುದು

ಒಳಗೆ ಒಬ್ಬ ಆಪ್ತಸಮಾಲೋಚಕರು, ಎಲ್ಲರೂ ಹೇಳುವಂತೆ ಕೌನ್ಸೆಲರ್, ಇರುತ್ತಾರೆ. ರಕ್ತ ತೆಗೆಯುವ ಲ್ಯಾಬ್ ಟೆಕ್ನಿಷಿಯನ್ ಬೇರೆ. ಮಾತುಕತೆ ಒಬ್ಬೊಬ್ಬರ ಜೊತೆಗೆ, ಬಾಗಿಲು ಹಾಕಿಕೊಂಡು. ಹೆಸರು, ವಯಸ್ಸು, ಮದುವೆ, ಕೆಲಸ, ಊರು ಕೇಳುತ್ತಾರೆ. ಪರೀಕ್ಷೆಗೆ ಒಂದು ಸಂಖ್ಯೆ ಕೊಡುತ್ತಾರೆ. ಆಮೇಲೆ ಅಪಾಯ ಯಾವ ಬಗೆಯದು ಅಂತ ಕೇಳುತ್ತಾರೆ. ನುರಿತವರಾದರೆ ‘ಹೆಂಗಸರ ಜೊತೆಗಾ, ಗಂಡಸರ ಜೊತೆಗಾ, ಇಬ್ಬರ ಜೊತೆಗೂನಾ?’ ಎಂದು ಹೊಟ್ಟೆನೋವು ವಿಚಾರಿಸಿದ ಹಾಗೆ ವಿಚಾರಿಸುತ್ತಾರೆ. ಎಲ್ಲರೂ ಹಾಗಿರುವುದಿಲ್ಲ. ‘ಮದುವೆ ಆಗಿದೆ ಅಂತೀರಿ, ಮತ್ತೆ ಇದೇನು?’ ಎನ್ನುವವರೂ ಸಿಗಬಹುದು. ಉಪದೇಶ ಕೇಳಲು ನೀವು ಬಂದಿಲ್ಲ. ಇನ್ನೊಂದು ಕೇಂದ್ರಕ್ಕೆ ಹೋಗುವ ಸ್ವಾತಂತ್ರ್ಯ ನಿಮಗಿದೆ.

ಬಾಯಿ ಕಟ್ಟಿಹೋಗುತ್ತದೆ ಎನ್ನುವವರು ಒಂದು ವಾಕ್ಯ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ: ‘ನನಗೆ ಗಂಡಸರ ಜೊತೆ ಸಂಬಂಧ ಇದೆ ಮೇಡಂ. ಎಲ್ಲ ಸಲ ಕಾಂಡೋಮ್ ಹಾಕಿಲ್ಲ. ಕೊನೇ ಸಲ ಆಗಿ ಎರಡು ತಿಂಗಳಾಯ್ತು.’ ಅಷ್ಟೂ ಆಗದಿದ್ದರೆ ‘ರಿಸ್ಕ್ ಆಗಿದೆ, ಟೆಸ್ಟ್ ಮಾಡಿಸಬೇಕು’ ಅಂದರೂ ಸಾಕು, ಪರೀಕ್ಷೆ ನಡೆಯುತ್ತದೆ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ನಿಜ ಹೇಳುವುದರಲ್ಲಿ ಲಾಭ ಹೆಚ್ಚು. ಹೇಳದಿದ್ದರೆ ಗುದದ, ಗಂಟಲಿನ ಗುಹ್ಯರೋಗಗಳ ತಪಾಸಣೆಯ ಮಾತೇ ಬರುವುದಿಲ್ಲ.

ಒಪ್ಪಿಗೆ ಪಡೆದ ಮೇಲೆ ರಕ್ತ ತೆಗೆಯುತ್ತಾರೆ. ಮೊದಲ ಕಿಟ್‌ನಲ್ಲಿ ಏನೂ ಕಾಣದಿದ್ದರೆ ‘ನೆಗೆಟಿವ್’. ಕಂಡರೆ ಅಷ್ಟಕ್ಕೇ ‘ಪಾಸಿಟಿವ್’ ಅನ್ನುವುದಿಲ್ಲ. ಬೇರೆ ಬೇರೆ ಬಗೆಯ ಇನ್ನೆರಡು ಕಿಟ್‌ಗಳಲ್ಲಿ ನೋಡಿ, ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಖಚಿತ. ವರದಿಯನ್ನು ನಿಮ್ಮ ಕೈಗೇ, ಮಾತಾಡಿ ಕೊಡುತ್ತಾರೆ.

ಸೋಂಕು ತಗಲಿದ ಕೂಡಲೇ ಈ ಪರೀಕ್ಷೆಗಳಲ್ಲಿ ಕಾಣಿಸುವುದಿಲ್ಲ. ನಡುವಿನ ಈ ಕಾಲಕ್ಕೆ ವಿಂಡೋ ಪೀರಿಯಡ್ ಅನ್ನುತ್ತಾರೆ. ರಾತ್ರಿ ಭಯವಾಗಿ ಬೆಳಿಗ್ಗೆ ಓಡಿಹೋಗಿ ನೆಗೆಟಿವ್ ತಂದು ನಿರಾಳವಾಗುವವರು ಇದ್ದಾರೆ. ಆ ಕಾಗದ ನಿನ್ನೆಯ ರಾತ್ರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ದೊಡ್ಡ ಲ್ಯಾಬುಗಳಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆಗೆ ಸುಮಾರು ಆರೂವರೆ ವಾರ ಬೇಕು, ಐಸಿಟಿಸಿಯ ರ‍್ಯಾಪಿಡ್ ಕಿಟ್‌ಗೆ ಮೂರು ತಿಂಗಳು ಅಂತ ಇಟ್ಟುಕೊಳ್ಳಿ. ನಿನ್ನೆ ರಾತ್ರಿ ಕಾಂಡೋಮ್ ಹರಿದಿದ್ದರೆ ಮಾಡಬೇಕಾದ್ದು ಬೇರೆ: 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರ ಇರುವ ಆಸ್ಪತ್ರೆಗೋ ತಿಳಿದ ಡಾಕ್ಟರ ಹತ್ತಿರಕ್ಕೋ ಹೋಗಿ ‘ಪೆಪ್’ ಕೇಳುವುದು. 28 ದಿನ ಮಾತ್ರೆ ತೆಗೆದುಕೊಂಡರೆ ಸೋಂಕು ನೆಲೆಯೂರದಂತೆ ತಡೆಯಬಹುದು.

ಯಾವ ಬಾಗಿಲು

ಸಣ್ಣ ಊರಿನಲ್ಲಿ ಕೌನ್ಸೆಲರ್ ನಿಮ್ಮ ಅತ್ತಿಗೆಯ ಗೆಳತಿಯಾಗಿರಬಹುದು, ಕಾರಿಡಾರಿನ ಬೆಂಚಿನಲ್ಲಿ ಎದುರುಮನೆಯವರೇ ಕೂತಿರಬಹುದು. ಇದನ್ನು ಅತಿ ಭಯ ಎಂದು ತಳ್ಳಿಹಾಕುವಂತಿಲ್ಲ. ತಾಲ್ಲೂಕು ಬಿಟ್ಟು ಇನ್ನೊಂದು ಜಿಲ್ಲೆಯ ಐಸಿಟಿಸಿಗೆ ಹೋಗಿ. ಇಂಥ ಊರಿನವರು ಇಲ್ಲೇ ಬರಬೇಕು ಎಂಬ ಕಟ್ಟಳೆ ಇಲ್ಲ. ಗುರುತಿನ ಚೀಟಿ ಕೇಳುತ್ತಾರೋ, ಎಷ್ಟು ಗಂಟೆಗೆ ಹೋದರೆ ಜನ ಕಡಿಮೆ ಎಂಬುದನ್ನು ಮೊದಲೇ ವಿಚಾರಿಸಬಹುದು. ನ್ಯಾಕೋದ 1097 ಸಂಖ್ಯೆಗೆ ಕರೆ ಉಚಿತ.

ಸಮುದಾಯದ ಸಂಸ್ಥೆಗಳು ಇನ್ನೊಂದು ದಾರಿ. ಬೆಂಗಳೂರಿನಲ್ಲಿ ಸಂಗಮದಂಥ ಗುಂಪುಗಳು 1999ರಿಂದ ಲೈಂಗಿಕ ಅಲ್ಪಸಂಖ್ಯಾತರ ನಡುವೆ ಕೆಲಸ ಮಾಡುತ್ತ ಬಂದಿವೆ. ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ ನೆರವಿನಿಂದ ನಡೆಯುವ ಯೋಜನೆಗಳು ಬೇರೆ ಜಿಲ್ಲೆಗಳಲ್ಲೂ ಇವೆ. ಇವುಗಳ ಡ್ರಾಪ್-ಇನ್ ಕೇಂದ್ರದಲ್ಲಿ ಬೆರಳು ಚುಚ್ಚಿ ಮಾಡುವ ಪ್ರಾಥಮಿಕ ತಪಾಸಣೆ ಸಿಗುವುದುಂಟು. ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಆ ಕಟ್ಟಡದೊಳಗೆ ಹೋಗುವುದನ್ನೇ ಯಾರಾದರೂ ನೋಡಿದರೆ ಅಂತ ಹಿಂಜರಿಯುವ ಮದುವೆಯಾದವರಿಗೆ, ನೂರಾರು ಜನ ಓಡಾಡುವ ದೊಡ್ಡಾಸ್ಪತ್ರೆಯೇ ಹೆಚ್ಚು ಅನುಕೂಲ.

ಖಾಸಗಿ ಲ್ಯಾಬಿಗೆ ಹೋಗುವವರು ವರದಿ ಎಲ್ಲಿಗೆ ಬರುತ್ತದೆ ಎಂದು ಮೊದಲು ಕೇಳಿ. ವಾಟ್ಸ್ಆ್ಯಪ್‌ಗೆ ಬಂದ ಪಿಡಿಎಫ್ ಅನ್ನು ಮಗ ಫೋನ್ ಹಿಡಿದಾಗ ತೆರೆದುಬಿಟ್ಟರೆ ಗುಟ್ಟು ಅಲ್ಲಿಗೆ ಮುಗಿಯಿತು. ಸ್ವಂತ ಇಮೇಲ್ ಕೊಡಿ, ಇಲ್ಲವೇ ಕೈಗೇ ಪಡೆಯುತ್ತೇನೆ ಅನ್ನಿ. ಅಲ್ಲಿ ಕೌನ್ಸೆಲಿಂಗ್ ಎಷ್ಟೋ ಕಡೆ ಹೆಸರಿಗೂ ಇರುವುದಿಲ್ಲ. ಮನೆಯಲ್ಲೇ ಮಾಡಿಕೊಳ್ಳುವ ಸ್ವಯಂಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಶಿಫಾರಸು ಮಾಡಿದೆ. ಅದರಲ್ಲಿ ಗೆರೆ ಮೂಡಿದರೆ ಅದು ಕೊನೆಯ ತೀರ್ಪಲ್ಲ, ಐಸಿಟಿಸಿಯಲ್ಲಿ ಖಚಿತಪಡಿಸಿಕೊಳ್ಳಲೇಬೇಕು.

ಒಂದು ದಾರಿ ಮಾತ್ರ ಬೇಡ: ಕಾಲೇಜಿನ, ಆಫೀಸಿನ ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟು, ಏನಾದರೂ ಇದ್ದರೆ ಅವರೇ ಹೇಳುತ್ತಾರೆ ಎಂದು ಕಾಯುವುದು. ವಿಂಡೋ ಪೀರಿಯಡ್‌ನಲ್ಲಿರುವ ರಕ್ತ ತಪಾಸಣೆಯ ಕಣ್ಣು ತಪ್ಪಿಸಿ ಇನ್ನೊಬ್ಬರ ಮೈಸೇರಬಹುದು. ರಕ್ತದಾನಿಗಳ ಆಯ್ಕೆಯ 2017ರ ಮಾರ್ಗಸೂಚಿ ಗೇ ಪುರುಷರನ್ನು ಪೂರ್ತಿ ಹೊರಗಿಟ್ಟಿರುವುದು ಅನ್ಯಾಯ ಎಂಬ ವಾದಕ್ಕೆ ತೂಕ ಇದೆ. ಆ ವಾದದ ಜಾಗ ಕೋರ್ಟು, ಶಿಬಿರದ ಮಂಚವಲ್ಲ.

ಪಾಸಿಟಿವ್ ಅಂತ ಬಂದರೆ

ಹಳೆಯ ಜಾಹೀರಾತಿನ ತಲೆಬುರುಡೆ ಇನ್ನೂ ಎಷ್ಟೋ ಜನರ ಕಣ್ಣಲ್ಲಿದೆ. ಆಗ ಪರೀಕ್ಷೆ ಮಾಡಿಸಿ ತಿಳಿದುಕೊಂಡರೂ ಮುಂದಕ್ಕೆ ದಾರಿ ಇರಲಿಲ್ಲ, ‘ಗೊತ್ತಾಗದೆ ಇರುವುದೇ ಮೇಲು’ ಎಂಬ ಮಾತಿಗೆ ಒಂದು ಅರ್ಥ ಇತ್ತು. 2004ರ ಏಪ್ರಿಲ್‌ನಲ್ಲಿ ಸರಕಾರ ಎಆರ್‌ಟಿ ಔಷಧ ಉಚಿತವಾಗಿ ಕೊಡಲು ಶುರುಮಾಡಿತು. 2017ರಿಂದ ಸಿಡಿ4, ಅಂದರೆ ರೋಗನಿರೋಧಕ ಕಣಗಳ ಎಣಿಕೆ, ಎಷ್ಟೇ ಇರಲಿ, ಸೋಂಕು ಖಚಿತವಾದವರಿಗೆಲ್ಲ ಚಿಕಿತ್ಸೆ. ಈಗ ಹೆಚ್ಚಿನವರಿಗೆ ದಿನಕ್ಕೊಂದೇ ಮಾತ್ರೆ. ಅದರಲ್ಲೇ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್ ಮೂರೂ ಸೇರಿರುತ್ತವೆ. ಆರು ತಿಂಗಳ ಹೊತ್ತಿಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬುದನ್ನು, ನೋಡುತ್ತಾರೆ. ಬೇಗ ಶುರುಮಾಡಿ ಬಿಡದೆ ನುಂಗಿದವರು ಹೆಚ್ಚುಕಡಿಮೆ ಎಲ್ಲರಷ್ಟೇ ಕಾಲ ಬದುಕಬಹುದು.

ಇನ್ನೊಂದು ಸಂಗತಿ ಕನ್ನಡದಲ್ಲಿ ಸಾಕಷ್ಟು ಜನರಿಗೆ ತಲುಪಿಲ್ಲ. ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದೇ ಇಲ್ಲ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪಾರ್ಟ್‌ನರ್-2 ಅಧ್ಯಯನದಲ್ಲಿ ಒಬ್ಬನಿಗೆ ಸೋಂಕಿದ್ದು ಇನ್ನೊಬ್ಬನಿಗಿಲ್ಲದ 782 ಗೇ ಜೋಡಿಗಳಿದ್ದವು. ಕಾಂಡೋಮ್ ಇಲ್ಲದೆ 76,000ಕ್ಕೂ ಹೆಚ್ಚು ಸಲ ಸೇರಿದರೂ, ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಹರಡಿದ ಪ್ರಕರಣ ಒಂದೂ ಇರಲಿಲ್ಲ. ‘ಇನ್ನು ನನ್ನನ್ನು ಯಾರು ಮುಟ್ಟುತ್ತಾರೆ?’ ಎಂಬ ಭಯಕ್ಕೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ಗೊತ್ತಿಲ್ಲ.

ಇನ್ನು ಗುಟ್ಟಿನ ಮಾತು. 2017ರಲ್ಲಿ ಸಂಸತ್ತು ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಮಾಡಿತು, 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸೋಂಕಿದೆ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಚಿಕಿತ್ಸೆ ನಿರಾಕರಿಸುವಂತಿಲ್ಲ. ಬಹಳ ಜನ ಗಮನಿಸದ ಭಾಗ ಎಂಟನೇ ಕಲಮಿನಲ್ಲಿದೆ: ಸೋಂಕಿನ ವಿಷಯ ಮಾತ್ರವಲ್ಲ, ನಂಬಿಕೆಯಿಂದ ಹೇಳಿಕೊಂಡ ಬೇರೆ ಖಾಸಗಿ ಮಾಹಿತಿಯನ್ನೂ ನಿಮ್ಮ ಒಪ್ಪಿಗೆಯಿಲ್ಲದೆ ಯಾರಿಗೂ ತಿಳಿಸುವಂತಿಲ್ಲ. ಬಾಗಿಲು ಹಾಕಿಕೊಂಡು ಕೌನ್ಸೆಲರ್‌ಗೆ ‘ಗಂಡಸರ ಜೊತೆ’ ಅಂದದ್ದು ಇದರೊಳಗೆ ಬರುತ್ತದೆ. ಕಾಯ್ದೆ ಮುರಿದರೆ ದೂರು ಕೇಳಲು ರಾಜ್ಯದಲ್ಲಿ ಓಂಬುಡ್ಸ್‌ಮನ್ ವ್ಯವಸ್ಥೆ ಇರಬೇಕು, 30 ದಿನದೊಳಗೆ ಆದೇಶ ಬರಬೇಕು. ಕಾಗದದ ಕಾನೂನು ಕಾರಿಡಾರಿನ ಗುಸುಗುಸುವನ್ನು ಪೂರ್ತಿ ನಿಲ್ಲಿಸುತ್ತದೆ ಅಂತ ನಾನು ಹೇಳಲಾರೆ. ಆದರೆ ಕಾನೂನು ಗೊತ್ತಿದ್ದು ಮಾತಾಡುವ ರೋಗಿಯ ಮುಂದೆ ಸಿಬ್ಬಂದಿಯ ದನಿ ಬದಲಾಗುತ್ತದೆ.

ಹೆಂಡತಿಗೆ ಹೇಳಿಬಿಡುತ್ತಾರಾ? ಕಾಯ್ದೆಯ ಒಂಬತ್ತನೇ ಕಲಮು ಇದಕ್ಕೇ ಇದೆ, ಮುಚ್ಚಿಡದೆ ಹೇಳುವುದು ಒಳ್ಳೆಯದು. ಸಂಗಾತಿಗೆ ಸೋಂಕು ತಗಲುವ ಗಂಭೀರ ಅಪಾಯ ಇದೆ ಎನಿಸಿ, ‘ನೀವೇ ತಿಳಿಸಿ’ ಎಂದು ನಿಮಗೆ ತಿಳಿಹೇಳಿದ ಮೇಲೂ ನೀವು ತಿಳಿಸುವುದಿಲ್ಲ ಎಂದು ಖಾತ್ರಿಯಾದರೆ, ಮುನ್ಸೂಚನೆ ಕೊಟ್ಟು ವೈದ್ಯರು ಅಥವಾ ಕೌನ್ಸೆಲರ್ ಸಂಗಾತಿಗೆ ತಿಳಿಸಬಹುದು. ಬೇರೆ ಸಿಬ್ಬಂದಿಗೆ ಆ ಅಧಿಕಾರ ಇಲ್ಲ. ತಿಳಿಸಲು ಅನುಮತಿ ಇರುವುದು ಸೋಂಕಿದೆ ಎಂಬುದನ್ನು; ನಿಮ್ಮ ಗೆಳೆಯ ಯಾರು ಎಂಬುದನ್ನಲ್ಲ. ಇಷ್ಟಾದರೂ, ಏನೂ ತಿಳಿಯದೆ ಅಪಾಯದಲ್ಲಿರುವ ಹೆಂಗಸಿನ ಪಾಲಿಗೆ ಈ ಕಲಮು ನ್ಯಾಯವಾದದ್ದೇ. ಪರೀಕ್ಷೆ ಮುಂದೂಡಿದಷ್ಟೂ ಅವಳಿಗೆ, ಅವಳು ಗರ್ಭಿಣಿಯಾದರೆ ಮಗುವಿಗೆ, ಅಪಾಯ ಬೆಳೆಯುತ್ತದೆ. ಆಮೇಲೆ ಅವಳ ಬಸಿರಿನ ಹೊತ್ತಿನ ರಕ್ತಪರೀಕ್ಷೆಯಲ್ಲಿ ಹೊರಬೀಳುವ ಸತ್ಯವನ್ನು ಎದುರಿಸುವುದು ಇನ್ನೂ ಕಷ್ಟ. ಮನೆಯಲ್ಲಿ ಹೇಗೆ ಹೇಳುವುದೆಂದು ತಿಳಿಯದಿದ್ದರೆ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಲು ಕೌನ್ಸೆಲರ್ ಅವರನ್ನೇ ಕೇಳಬಹುದು.

ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಿಗೆ ಮೊದಲೇ ಪರೀಕ್ಷೆ ಮಾಡಿಸಲು ಇನ್ನೊಂದು ಕಾರಣ ಇದೆ: ಕೊಲ್ಲಿ. ಸೌದಿ, ಯುಎಇ, ಕುವೈತ್, ಕತಾರ್‌ಗಳ ಕೆಲಸದ ವೀಸಾಕ್ಕೆ ಎಚ್‌ಐವಿ ಪರೀಕ್ಷೆ ಕಡ್ಡಾಯ, ಸೋಂಕಿದ್ದರೆ ವೀಸಾ ಇಲ್ಲ. ಅಲ್ಲಿರುವಾಗ ತಿಳಿದರೆ ವಾಪಸು ಕಳಿಸುತ್ತಾರೆ. ನಮ್ಮ ಕಾಯ್ದೆಯ ಕೈ ಅಲ್ಲಿಗೆ ಚಾಚುವುದಿಲ್ಲ. ಆದ್ದರಿಂದ ಏಜೆಂಟನಿಗೆ ದುಡ್ಡು ಕಟ್ಟುವ ಮೊದಲೇ, ಇಲ್ಲವೇ ರಜೆಗೆ ಊರಿಗೆ ಬಂದಾಗ, ಐಸಿಟಿಸಿಯಲ್ಲಿ ನೋಡಿಸಿಕೊಳ್ಳುವುದು ಜಾಣತನ. ವೀಸಾದ ಮೆಡಿಕಲ್‌ನಲ್ಲಿ ಮೊದಲ ಸಲ ತಿಳಿಯುವ ಬದಲು ಮುಂಚೆಯೇ ತಿಳಿದರೆ, ಚಿಕಿತ್ಸೆ ಶುರುಮಾಡಲು, ದುಡಿಮೆಗೆ ಬೇರೆ ಊರು ಹುಡುಕಲು ಸಮಯ ಸಿಗುತ್ತದೆ.

ನೆಗೆಟಿವ್ ಬಂದವರೂ ಬರಿಗೈಲಿ ಎದ್ದು ಬರಬೇಡಿ. ಅದೇ ದಿನ ಸಿಫಿಲಿಸ್ ಪರೀಕ್ಷೆಯನ್ನೂ ಕೇಳಿ, ಹೆಪಟೈಟಿಸ್ ಬಿ ಲಸಿಕೆಯ ಬಗ್ಗೆ ವಿಚಾರಿಸಿ. ಗುಹ್ಯರೋಗಗಳಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಇದೆ. ಕಾಂಡೋಮ್ ಎಲ್ಲ ಸಲ ಸಾಧ್ಯವಾಗುವುದಿಲ್ಲ ಎನ್ನುವವರು ಮೊದಲೇ ತೆಗೆದುಕೊಳ್ಳುವ ‘ಪ್ರೆಪ್’ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಬಹುದು. ಅದನ್ನು ಶುರುಮಾಡುವ ಮುಂಚೆ ನೆಗೆಟಿವ್ ವರದಿ ಕಡ್ಡಾಯ, ಮೂತ್ರಪಿಂಡದ ತಪಾಸಣೆಯೂ ಬೇಕು, ಆಮೇಲೆ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ. ಉಳಿದವರಿಗೆ ಆರು ತಿಂಗಳು. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಗೆಳೆಯನನ್ನು ಜೊತೆಗೆ ಕರೆದುಕೊಂಡು ಹೋಗಿ; ಕೌನ್ಸೆಲಿಂಗ್ ಹೊತ್ತಿನಲ್ಲಿ ಅವನು ಹೊರಗೆ ಕೂರಬೇಕಾಗುತ್ತದೆ, ಅಷ್ಟೇ. ಅವನೂ ಪರೀಕ್ಷೆ ಮಾಡಿಸುವುದಿದ್ದರೆ ಮುಂದಿನ ಸರದಿ ಅವನದು.